ದಿಯಾಬ್ಲೋಸ್ ರೊಹೋಸ್ ಬೇಸ್‌ಬಾಲ್ ಕ್ಲಬ್ಬಿನ ಚರಿತ್ರೆ: ಎಲ್ಲಿಂದ ಶುರು ಮಾಡಬೇಕು, ಯಾವ ಎಳೆ ಹಿಡಿಯಬೇಕು?

ಡೊಂಬಿವಲಿ ಈಸ್ಟ್

ಎಲ್ಲರಿಗೂ ನಮಸ್ಕಾರ. ಸಂಘದ ಮಾಸಪತ್ರಿಕೆಗೆ ಮೆಕ್ಸಿಕೊ ನಗರದ ದಿಯಾಬ್ಲೋಸ್ ರೊಹೋಸ್ ಬೇಸ್‌ಬಾಲ್ ಕ್ಲಬ್ಬಿನ ಬಗ್ಗೆ ಎರಡು ಪುಟದ ಲೇಖನ ಆಗಬೇಕು, 1200 ಪದದ ಒಳಗೆ. ಓದುವವರಲ್ಲಿ ಮುಕ್ಕಾಲು ಪಾಲು ಜನ ಕ್ರಿಕೆಟ್ ಬಲ್ಲವರು. ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡಿದ ಮಕ್ಕಳು ಕೆಲವರಿದ್ದಾರೆ, ಅಷ್ಟೇ.

ಕೂಡಿಹಾಕಿದ ಟಿಪ್ಪಣಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಕ್ಲಬ್ ಹುಟ್ಟಿದ್ದು 1940 ಎಂದು ಒಂದು ಕಡೆ ಇದೆ, 1925 ಎಂದು ಇನ್ನೊಂದು ಕಡೆ. 1940ರ ದಶಕದಲ್ಲಿ ಮೆಕ್ಸಿಕೊ ನಗರದಲ್ಲೇ ಆಡುತ್ತಿದ್ದ ‘ವೆರಾಕ್ರೂಸ್’ ಎಂಬ ತಂಡ ಇದೇ ಕ್ಲಬ್ಬೋ ಬೇರೆಯೋ ತಿಳಿಯುತ್ತಿಲ್ಲ. ಹಳೆಯ ಮೈದಾನ ಪಾರ್ಕೆ ದೆಲ್ತಾ ಎಂದು ಹುಡುಕಿದರೆ ಮಾಲ್‌ನ ಫೋಟೊ ಬರುತ್ತದೆ. ಪ್ರಶಸ್ತಿಗಳು 16, 17, 18 ಹೀಗೆ ಮೂರು ಲೆಕ್ಕ ಸಿಕ್ಕಿವೆ. ಬ್ಯಾಟಿಂಗ್ ಸರಾಸರಿ .372 ಎಂದು ಬರೆದರೆ ಕ್ರಿಕೆಟ್ ಓದುಗರಿಗೆ ಅರ್ಥವಾಗುವುದು ಹೇಗೆ? ಕೊನೆಯದಾಗಿ, ಹೆಸರನ್ನು ‘ಕೆಂಪು ದೆವ್ವಗಳು’ ಎಂದು ಕನ್ನಡಕ್ಕೆ ತರಬಹುದೇ?

ಇಸವಿ ಪ್ರಕಾರ ಬರೆದು ನೋಡಿದರೆ ಬರೀ ಪಟ್ಟಿಯಾಗುತ್ತದೆ. ಎಳೆ ಯಾವುದು ಹಿಡಿಯಲಿ, ಬಲ್ಲವರು ಹೇಳಿ.

ಕೋಥ್ರೂಡ್ 411038

ಸರ್, ಮೈದಾನದ ಲೆಕ್ಕದಾಗ ಬರೀರಿ. ಈ ಕ್ಲಬ್ಬಿನ ಕಥೆ ಗೆದ್ದ ಕಪ್‌ಗಳನ್ನು ಎಣಿಸಿದರೆ ತಿಳಿಯೋದಿಲ್ಲ, ಎಲ್ಲಿ ಆಡಿದರು ಅನ್ನೋದನ್ನು ಹಿಡಿದರೆ ಇಡೀ ಕಥೆ ತಾನೇ ಸಾಲಾಗಿ ನಿಲ್ಲುತ್ತದೆ. ಐದು ಮೈದಾನ ಅದಾವು. ಪಾರ್ಕೆ ದೆಲ್ತಾ, 1940ರಿಂದ 1954. ಅದೇ ಜಾಗದಲ್ಲಿ ಎದ್ದ ಪಾರ್ಕೆ ದೆಲ್ ಸೆಗೂರೊ ಸೊಸಿಯಾಲ್, 1955ರಿಂದ 2000. ಫೋರೊ ಸೋಲ್, 2014ರ ತನಕ. ಫ್ರಾಯ್ ನಾನೊ, 2015ರಿಂದ 2018. ಆಮೇಲೆ ಸ್ವಂತ ಮೈದಾನ ಆಲ್ಫ್ರೆದೊ ಆರ್ಪ್ ಎಲೂ, 2019ರಿಂದ ಇವತ್ತಿನ ತನಕ.

ಈಗ ಪ್ರಶಸ್ತಿಗಳನ್ನು ಈ ಐದರ ಮೇಲೆ ಹಂಚಿ ನೋಡ್ರಿ. ದೆಲ್ತಾದಲ್ಲಿ ಒಂದೂ ಇಲ್ಲ. ಸೆಗೂರೊ ಸೊಸಿಯಾಲ್ ಕಾಲದಲ್ಲಿ 1956, 1964, 1968, 1973, 1974, 1976, 1981, 1985, 1987, 1988, 1994, 1999, ಒಟ್ಟು ಹನ್ನೆರಡು. ಫೋರೊ ಸೋಲ್ ಕಾಲದಲ್ಲಿ 2002, 2003, 2008, 2014. ಫ್ರಾಯ್ ನಾನೊದಲ್ಲಿ ಮತ್ತೆ ಸೊನ್ನೆ. ಹೊಸ ಮೈದಾನದಲ್ಲಿ 2024, 2025. ಕೂಡಿದರೆ 18. ನಿಮ್ಮ 16, 17, 18ರ ಗೊಂದಲವೂ ಇಲ್ಲೇ ಬಗೆಹರಿಯಿತು. 16 ಅಂದರೆ 2024ಕ್ಕೆ ಮುಂಚೆ ಬರೆದದ್ದು, 17 ಅಂದರೆ 2024ರ ನಂತರದ್ದು, 18 ಅಂದರೆ 2025ರ ಫೈನಲ್‌ನಲ್ಲಿ ಹಲಿಸ್ಕೊದ ಚಾರ್ರೋಸ್ ತಂಡವನ್ನು ಸೋಲಿಸಿದ ಮೇಲಿನದ್ದು. ಮೂರೂ ಲೆಕ್ಕ ತಮ್ಮ ತಮ್ಮ ದಿನಕ್ಕೆ ಸರಿ.

1925 ಮತ್ತು 1940ರ ವಿಷಯ. 1925 ಈ ಕ್ಲಬ್ ಆಡೋ ಮೆಕ್ಸಿಕೊ ಲೀಗಿನ ಹುಟ್ಟು, ಕ್ಲಬ್ಬಿನದಲ್ಲ. ಲೀಗನ್ನು ಕಟ್ಟಿದವರು ಇಬ್ಬರು. ಒಬ್ಬರು ಕ್ರೀಡಾ ಪತ್ರಕರ್ತ ಅಲೆಹಾಂದ್ರೊ ಅಗಿಲಾರ್ ರೇಯೆಸ್, ‘ಫ್ರಾಯ್ ನಾನೊ’ ಅನ್ನೋದು ಅವರ ಕಾವ್ಯನಾಮ, ಮುಂದೆ ಮೈದಾನಕ್ಕೆ ಇಟ್ಟದ್ದೂ ಅದೇ ಹೆಸರು. ಇನ್ನೊಬ್ಬರು ಎರ್ನೆಸ್ತೊ ಕಾರ್ಮೋನಾ. 1940ರಲ್ಲಿ ಇದೇ ಕಾರ್ಮೋನಾ, ಸಾಲ್ವದೋರ್ ಲುತ್ತೆರೋತ್ ಜೊತೆ ಸೇರಿ ಈ ಕ್ಲಬ್ ಶುರು ಮಾಡಿದರು. ಒಬ್ಬನೇ ಮನುಷ್ಯ ಎರಡೂ ಕಡೆ ಇರೋದರಿಂದ ಇಸವಿ ಕಲಸಿಹೋಗ್ತದೆ. ಲುತ್ತೆರೋತ್ ಯಾರು ಅಂದರೆ 1933ರಲ್ಲಿ ಮುಖವಾಡದ ಕುಸ್ತಿಯ ಕಂಪನಿ ಕಟ್ಟಿದವರು. ಮೆಕ್ಸಿಕೊದವರು ಅವರನ್ನು ಲೂಚಾ ಲೀಬ್ರೆಯ ತಂದೆ ಅಂತಾರೆ. ಕುಸ್ತಿ ಅಖಾಡದ ಊರು ನಮ್ಮದೂ ಹೌದಲ್ಲ, ಪುಣೆ-ಕೊಲ್ಹಾಪುರದ ಓದುಗರಿಗೆ ಈ ಒಂದು ಸಾಲು ಸಾಕು, ಕ್ಲಬ್ ನೆನಪಿನಲ್ಲಿ ಉಳೀತದೆ.

ನಿಮ್ಮ ಲೇಖನದ ನಡುಗಂಬ 1955 ಆಗಬೇಕು. ಆ ಒಂದು ವರ್ಷದಲ್ಲಿ ಏನೇನಾಯಿತು ನೋಡ್ರಿ. ಹಳೆಯ ದೆಲ್ತಾ ಕೆಡವಿದ ಜಾಗದಲ್ಲಿ ಸಾಮಾಜಿಕ ವಿಮಾ ಸಂಸ್ಥೆ ಕಟ್ಟಿದ ಹೊಸ ಮೈದಾನ ತೆರೆಯಿತು, ಅದಕ್ಕೇ ಆ ಹೆಸರು. ಮೆಕ್ಸಿಕೊ ಲೀಗ್ ಅಮೆರಿಕದ ಸಂಘಟಿತ ಬೇಸ್‌ಬಾಲ್ ವ್ಯವಸ್ಥೆಯೊಳಗೆ ಡಬಲ್-ಎ ದರ್ಜೆಯಲ್ಲಿ ಸೇರಿತು (ಅಮೆರಿಕದ ಮೇಜರ್ ಲೀಗ್‌ಗಿಂತ ಕೆಳಗಿನ ದರ್ಜೆಗಳಲ್ಲಿ ಒಂದು; ಅದಕ್ಕಿಂತ ಮೇಲಿನ ಟ್ರಿಪಲ್-ಎ ಆದದ್ದು 1967ರಲ್ಲಿ). ಆಲೆಹೋ ಪೆರಾಲ್ತಾ ಎಂಬ ಉದ್ಯಮಿ ಅದೇ ಊರಿನಲ್ಲಿ, ಅದೇ ಮೈದಾನದಲ್ಲಿ ತೀಗ್ರೆಸ್ ಅನ್ನೋ ಹೊಸ ತಂಡ ಇಳಿಸಿದರು. ಆ ತಂಡ ಮೊದಲ ವರ್ಷವೇ ಚಾಂಪಿಯನ್ ಆಯಿತು! ಹದಿನೈದು ವರ್ಷ ಆಡಿ ಒಂದೂ ಕಪ್ ಕಾಣದ ಹಳೆಯ ಕ್ಲಬ್ಬಿಗೆ ಹೇಗೆ ಅನಿಸಿರಬೇಕು. ಮರುವರ್ಷ, 1956ರಲ್ಲಿ, ಕ್ಯೂಬಾದ ಲಾಸರೊ ಸಲಸಾರ್ ಕೈಯಲ್ಲಿ ದಿಯಾಬ್ಲೋಸ್‌ಗೆ ಮೊದಲ ಪ್ರಶಸ್ತಿ ಬಂತು. ಅದರ ಮರುವರ್ಷ ಋತು ನಡೆಯುತ್ತಿರುವಾಗಲೇ, ತಂಡದ ಮ್ಯಾನೇಜರ್ ಆಗಿದ್ದಾಗಲೇ, ಸಲಸಾರ್ ತೀರಿಕೊಂಡರು. ಬೇಸ್‌ಬಾಲ್‌ನಲ್ಲಿ ‘ಮ್ಯಾನೇಜರ್’ ಅಂದರೆ ಸಾಮಾನು-ಟಿಕೆಟ್ ನೋಡಿಕೊಳ್ಳೋರಲ್ಲ ಅಂತ ಅಲ್ಲೇ ಒಂದು ಮಾತು ಹಾಕ್ರಿ. ಆಟಗಾರರ ಹಾಗೇ ಯೂನಿಫಾರಂ ತೊಟ್ಟು, ಬ್ಯಾಟಿಂಗ್ ಕ್ರಮ, ಬೌಲರ್ ಬದಲಾವಣೆ ಎಲ್ಲ ತೀರ್ಮಾನಿಸೋರು. ನಮ್ಮ ಕ್ಯಾಪ್ಟನ್ ಮಾಡೋ ಕೆಲಸದ ಬಹುಪಾಲು ಅವರದು.

ತೀಗ್ರೆಸ್ ಜೊತೆಗಿನ ಪಂದ್ಯಗಳಿಗೆ ‘ಗೆರ್ರಾ ಸಿವಿಲ್’, ಅಂದರೆ ಅಂತರ್ಯುದ್ಧ ಅಂತಲೇ ಹೆಸರು. ಒಂದೇ ಮೈದಾನ ಎರಡಕ್ಕೂ ಮನೆ. 1999ರಲ್ಲಿ ದಿಯಾಬ್ಲೋಸ್, 2000 ಮತ್ತು 2001ರಲ್ಲಿ ತೀಗ್ರೆಸ್ ಚಾಂಪಿಯನ್. ಆಮೇಲೆ ತೀಗ್ರೆಸ್ 2002ಕ್ಕೆ ಪ್ವೆಬ್ಲಾಕ್ಕೆ, 2007ಕ್ಕೆ ಕಾನ್‌ಕೂನ್‌ಗೆ ಹೋಯಿತು. ಈಗ ಅದು ಕಿಂತಾನಾ ರೋ ತಂಡ, ಒಟ್ಟು 12 ಪ್ರಶಸ್ತಿ.

ಇನ್ನು ಸೆಗೂರೊ ಸೊಸಿಯಾಲ್ ಬಗ್ಗೆ ಬರೆಯುವಾಗ 1985 ಬಿಡಬೇಡ್ರಿ. ಆ ವರ್ಷ ದಿಯಾಬ್ಲೋಸ್ ಚಾಂಪಿಯನ್. ಅದೇ ವರ್ಷ ಸೆಪ್ಟೆಂಬರ್ 19ರ ಬೆಳಿಗ್ಗೆ 7:19ಕ್ಕೆ ಮೆಕ್ಸಿಕೊ ನಗರದಲ್ಲಿ ಭೂಕಂಪ ಆಯಿತು. ಶವಾಗಾರಗಳಲ್ಲಿ ಜಾಗ ಸಾಲದೆ ಈ ಮೈದಾನಕ್ಕೇ ದೇಹಗಳನ್ನು ತಂದರು. ಹೊರಮೈದಾನದ ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿ, ಕೆಡದಂತೆ ಮಂಜುಗಡ್ಡೆ ಇಟ್ಟು, ಮನೆಯವರು ಬಂದು ಗುರುತು ಹಿಡಿಯುವ ತನಕ ಕಾಯಿಸಿದರು. ಆ ಊರಿನ ಹಳಬರಿಗೆ ಆ ಮೈದಾನ ಅಂದರೆ ಬರೀ ಆಟವಲ್ಲ. ಇದನ್ನು ಬಣ್ಣ ಹಚ್ಚದೆ ಮೂರು ವಾಕ್ಯದಲ್ಲಿ ಹೇಳ್ರಿ, ಸಾಕು. 2000ದಲ್ಲಿ ಬೇಸ್‌ಬಾಲ್ ಅಲ್ಲಿಂದ ಹೊರಟಿತು. ಮೈದಾನ ಹೋಗಿ ಮಾಲ್ ಬಂತು, ಮಾಲ್‌ಗೆ ಹಳೆಯ ‘ಪಾರ್ಕೆ ದೆಲ್ತಾ’ ಹೆಸರೇ ಇಟ್ಟರು. ನಿಮಗೆ ಸಿಕ್ಕ ಫೋಟೊ ಅದರದ್ದೇ. ಗಿರಣಿ ಹೋಗಿ ಮಾಲ್ ಬಂದ ಮುಂಬಯಿಯ ಲೋವರ್ ಪರೇಲ್ ನೋಡಿದವರಿಗೆ ವಿವರಿಸೋದೇ ಬೇಡ.

ಮಾಟುಂಗಾ ರೋಡ್

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ವೆರಾಕ್ರೂಸ್ ಗೊಂದಲವನ್ನು ನಾನು ಬಿಡಿಸುತ್ತೇನೆ. 1940ರ ದಶಕ ಇಲ್ಲದಿದ್ದರೆ ಈ ಕ್ಲಬ್ಬಿನ ಕಥೆಗೆ ಬುಡವೇ ಇರುವುದಿಲ್ಲ.

ಅಸೂಲೆಸ್ ದೆ ವೆರಾಕ್ರೂಸ್ ಬೇರೆಯೇ ತಂಡ. ಅಸೂಲೆಸ್ ಎಂದರೆ ನೀಲಿಗಳು. ಅದರ ಹಿಂದಿದ್ದವರು ಹೋರ್ಹೆ ಪಾಸ್ಕೆಲ್ ಎಂಬ ಸಿರಿವಂತ, ಊರು ವೆರಾಕ್ರೂಸ್. ಹೆಸರು ತನ್ನೂರಿನದು ಇಟ್ಟು, ತಂಡವನ್ನು ಆಡಿಸಿದ್ದು ಮೆಕ್ಸಿಕೊ ನಗರದ ದೆಲ್ತಾದಲ್ಲಿ. ಹಾಗಾಗಿ ಒಂದೇ ಮೈದಾನದಲ್ಲಿ ರೊಹೋಸ್ ಮತ್ತು ಅಸೂಲೆಸ್, ಕೆಂಪು ಮತ್ತು ನೀಲಿ. 1940 ಮತ್ತು 1941ರ ಪ್ರಶಸ್ತಿ ನೀಲಿಗಳದು. ವೆರಾಕ್ರೂಸ್ ಬಂದರಿನಲ್ಲೇ ಆಡುವ ‘ಎಲ್ ಆಗಿಲಾ’ ಮೂರನೆಯದು, 1903ರ ತಂಡ. ಮೂರನ್ನೂ ಬೇರೆ ಬೇರೆ ಇಡಿ. ಹಳೆಯ ವರದಿಯಲ್ಲಿ ಬರೀ ‘ವೆರಾಕ್ರೂಸ್’ ಎಂದಿದ್ದರೆ ಪಂದ್ಯ ಯಾವ ಮೈದಾನದಲ್ಲಿ ನಡೆಯಿತು ನೋಡಿ. ಮನೆಯ ಪಂದ್ಯ ದೆಲ್ತಾದಲ್ಲಿದ್ದರೆ ಅದು ನೀಲಿ ತಂಡ.

ಆಗಿನ ಅಮೆರಿಕದ ಮೇಜರ್ ಲೀಗ್‌ನಲ್ಲಿ ಕಪ್ಪು ಆಟಗಾರರಿಗೆ ಪ್ರವೇಶವೇ ಇರಲಿಲ್ಲ, ಅದು ಬದಲಾದದ್ದು 1947ರಲ್ಲಿ ಜ್ಯಾಕಿ ರಾಬಿನ್ಸನ್ ಆಡಿದ ಮೇಲೆ. ಮೆಕ್ಸಿಕೊದಲ್ಲಿ ಆ ಗೋಡೆ ಇರಲಿಲ್ಲ. ಒಂದೇ ಹೋಟೆಲು, ಒಂದೇ ಡ್ರೆಸ್ಸಿಂಗ್ ರೂಮು, ಸಂಬಳವೂ ಚೆನ್ನಾಗಿತ್ತು. ಹಾಗಾಗಿ ಅಮೆರಿಕದ ಕಪ್ಪು ಆಟಗಾರರ ಪ್ರತ್ಯೇಕ ಲೀಗ್‌ಗಳಾದ ನೀಗ್ರೋ ಲೀಗ್‌ಗಳ ದೊಡ್ಡ ದೊಡ್ಡ ಆಟಗಾರರು ಇಲ್ಲಿಗೆ ಬಂದರು. ಜಾಶ್ ಗಿಬ್ಸನ್ 1941ರಲ್ಲಿ ನೀಲಿಗಳ ಪರ 33 ಹೋಮ್ ರನ್ (ನಮ್ಮ ಸಿಕ್ಸರ್ ಹಾಗೆ ಚೆಂಡು ಬೇಲಿ ದಾಟುವ ಹೊಡೆತ) ಹೊಡೆದರು. ಕೆಂಪು ತಂಡದಲ್ಲಿ ಬಿಲ್ ರೈಟ್ ಇದ್ದರು. 1943ರಲ್ಲಿ ಸರಾಸರಿ, ಹೋಮ್ ರನ್, ತಾನು ಹೊಡೆದು ಬರಿಸಿದ ರನ್ ಮೂರರಲ್ಲೂ ಮೊದಲ ಸ್ಥಾನ, ಅದಕ್ಕೆ ಟ್ರಿಪಲ್ ಕ್ರೌನ್ ಎನ್ನುತ್ತಾರೆ. ನಿಮ್ಮ ಲೇಖನದಲ್ಲಿ ಆ ಕಾಲಕ್ಕೆ ಒಬ್ಬನೇ ಆಟಗಾರನಿಗೆ ಜಾಗ ಇದ್ದರೆ ರೈಟ್ ಅವರನ್ನೇ ಹಾಕಿ. ಗಿಬ್ಸನ್ ಎಷ್ಟೇ ದೊಡ್ಡವರಾದರೂ ನಿಮ್ಮ ಕ್ಲಬ್ಬಿನವರಲ್ಲ. ಇಲ್ಲಿ ತಪ್ಪುವವರು ಬಹಳ.

1946 ಬಂದಾಗ ಪಾಸ್ಕೆಲ್ ಮೇಜರ್ ಲೀಗ್‌ನ ಬಿಳಿಯ ಆಟಗಾರರಿಗೇ ದುಪ್ಪಟ್ಟು ತಿಪ್ಪಟ್ಟು ಹಣ ಮುಂದೊಡ್ಡಿದರು. ಮಿಕಿ ಓವನ್, ಮ್ಯಾಕ್ಸ್ ಲಾನಿಯರ್, ಸಾಲ್ ಮ್ಯಾಗ್ಲಿ, ಡ್ಯಾನಿ ಗಾರ್ಡೆಲಾ ಎಲ್ಲರೂ ಬಂದರು. ಅಮೆರಿಕದ ಬೇಸ್‌ಬಾಲ್ ಕಮಿಷನರ್ ಹ್ಯಾಪಿ ಚಾಂಡ್ಲರ್ ಹೋದವರಿಗೆ ಐದು ವರ್ಷ ನಿಷೇಧ ಹಾಕಿದರು. ಗಾರ್ಡೆಲಾ ಕೋರ್ಟಿಗೆ ಹೋದರು, 1949ರಲ್ಲಿ ಮೇಲ್ಮನವಿ ಕೋರ್ಟು ಅವರ ದಾವೆಗೆ ಜೀವ ಕೊಟ್ಟಿತು, ಅದೇ ವರ್ಷ ನಿಷೇಧ ಎದ್ದಿತು. ನಮ್ಮ ಓದುಗರಿಗೆ ಇದನ್ನು ಹೇಳಲು ಹತ್ತಿರದ ಉದಾಹರಣೆ ಐಸಿಎಲ್, ಅಂದರೆ ಇಂಡಿಯನ್ ಕ್ರಿಕೆಟ್ ಲೀಗ್. 2007ರಲ್ಲಿ ಆ ಲೀಗಿಗೆ ಹೋದವರನ್ನು ಬಿಸಿಸಿಐ ಹೊರಗಿಟ್ಟಿತು, 2009ರಲ್ಲಿ ಕ್ಷಮಾದಾನ ಕೊಟ್ಟಿತು. ಹೋಲಿಕೆ ಅಲ್ಲಿಗೆ ನಿಲ್ಲಿಸಿ, ಎಳೆಯಬೇಡಿ. ಐಸಿಎಲ್ ಮುಚ್ಚಿಹೋಯಿತು, ಮೆಕ್ಸಿಕೊ ಲೀಗ್ ಉಳಿಯಿತು. ಪಾಸ್ಕೆಲ್ 1955ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೋಥ್ರೂಡ್ ಅವರು ಹೇಳಿದ 1955ಕ್ಕೆ ಇದನ್ನೂ ಸೇರಿಸಿ.

ಮಡಗಾಂವ್ ಸ್ಟೇಷನ್ ರಸ್ತೆ

ಹೆಸರುಗಳ ವಿಷಯಕ್ಕೆ ಬರುತ್ತೇನೆ. ಅಚ್ಚಾದ ಮೇಲೆ ತಿದ್ದಲಾಗದ ತಪ್ಪು ಆಗುವುದು ಇಲ್ಲೇ.

ಸ್ಪ್ಯಾನಿಷ್‌ನಲ್ಲಿ ಇಂಗ್ಲಿಷಿನ ‘ಜೆ’ ಅಕ್ಷರಕ್ಕೆ ‘ಹ’ ಉಚ್ಚಾರ. ಆದ್ದರಿಂದ ರೊಹೋಸ್, ರೋಜೋಸ್ ಅಲ್ಲ. ಹೋರ್ಹೆ, ಹಲಿಸ್ಕೊ ಕೂಡ ಹಾಗೆಯೇ. ‘ಎಚ್’ ಅಕ್ಷರಕ್ಕೆ ಉಚ್ಚಾರವೇ ಇಲ್ಲ, ಹಾಗಾಗಿ ಆರ್ಪ್ ಎಲೂ. ಹಾರ್ಪ್ ಹೆಲು ಎಂದು ಬರೆದರೆ ಎರಡು ಕಡೆ ತಪ್ಪು. ಎಕ್ತೋರ್ ಎಸ್ಪಿನೊ ಸರಿ, ಹೆಕ್ಟರ್ ಅಲ್ಲ. ‘ಟಿ’ ‘ಡಿ’ ಎರಡೂ ನಮ್ಮ ತ, ದ; ಮೂರ್ಧನ್ಯ ಬೇಡ. ದಿಯಾಬ್ಲೋಸ್ ಎಂದೇ ಬರೆಯಿರಿ, ಡಯಾಬ್ಲೋಸ್ ಬೇಡ. ಈ ವಿಷಯದಲ್ಲಿ ಕನ್ನಡ ಲಿಪಿ ಇಂಗ್ಲಿಷಿಗಿಂತ ಎಷ್ಟೋ ಮೇಲು, ಉಚ್ಚರಿಸಿದ ಹಾಗೇ ಕೂರುತ್ತದೆ. ‘ಮೆಕ್ಸಿಕೊ’ ಮಾತ್ರ ನಮ್ಮಲ್ಲಿ ಬಳಕೆಯಾಗಿಬಿಟ್ಟ ರೂಪ, ದೇಶದ ಹೆಸರಿಗೆ ಅದನ್ನೇ ಇಡಿ. ಕ್ಲಬ್ಬಿನ ಪೂರ್ಣ ಹೆಸರು ಬರೆಯುವಾಗ ‘ದಿಯಾಬ್ಲೋಸ್ ರೊಹೋಸ್ ದೆಲ್ ಮೆಹಿಕೊ’ ಎನ್ನಿ.

ಗೋವಾದ ಓದುಗರಿದ್ದರೆ ಒಂದು ಎಚ್ಚರಿಕೆ. ಇಲ್ಲಿಯವರಿಗೆ ಪೋರ್ಚುಗೀಸ್ ರೂಢಿ, ಜೋಸೆಫನ ಹೆಸರು ಕೊಂಕಣಿಯಲ್ಲಿ ಜುಜೆ ಆಗುತ್ತದೆ. ಅದೇ ಹೆಸರು ಸ್ಪ್ಯಾನಿಷ್‌ನಲ್ಲಿ ಹೊಸೆ. ಪೋರ್ಚುಗೀಸ್ ಬಲ್ಲವರು ಕರಡು ತಿದ್ದಿದರೆ ನಿಮ್ಮ ಹೋರ್ಹೆಯನ್ನು ಜೋರ್ಜೆ ಮಾಡಿ ಕಳಿಸುತ್ತಾರೆ, ನೋಡಿಕೊಳ್ಳಿ.

‘ಕೆಂಪು ದೆವ್ವಗಳು’ ಬೇಡ ಎಂದು ನನ್ನ ಸಲಹೆ. ಕನ್ನಡದಲ್ಲಿ ದೆವ್ವ ಎಂದರೆ ಸತ್ತವರು ಬಂದು ಕಾಡುವುದು, ಹುಣಸೆಮರ, ಮಧ್ಯರಾತ್ರಿ. ದಿಯಾಬ್ಲೊ ಕ್ರೈಸ್ತರ ಸೈತಾನ. ಅಭಿಮಾನಿಗಳು ತಂಡವನ್ನು ಪ್ರೀತಿಯಿಂದ ‘ಪಿಂಗೋಸ್’ ಎನ್ನುತ್ತಾರೆ. ಪಿಂಗೊ ಎಂದರೆ ಸೈತಾನನೂ ಹೌದು, ಮನೆಯಲ್ಲಿ ಒಂದು ಕಡೆ ಕೂರದ ತುಂಟ ಹುಡುಗನೂ ಹೌದು. ನಾವು ಮಕ್ಕಳಿಗೆ ‘ಪಿಶಾಚಿ, ಸುಮ್ಮನಿರು’ ಎಂದು ಬೈಯುತ್ತೇವಲ್ಲ, ಆ ಧಾಟಿ. ಅರ್ಥವನ್ನು ಒಮ್ಮೆ ಹೇಳಿ, ಮುಂದೆ ಸ್ಪ್ಯಾನಿಷ್ ಹೆಸರನ್ನೇ ಬಳಸಿ. ಶುರುವಿನಲ್ಲಿ ಕ್ಲಬ್ಬಿನ ಹೆಸರು ಬರೀ ‘ರೊಹೋಸ್’, ಕೆಂಪು ತಂಡ. ‘ದಿಯಾಬ್ಲೋಸ್’ ಆಮೇಲೆ ಅಂಟಿಕೊಂಡದ್ದು. ಹಾಗಾಗಿ 1940ರ ಪಂದ್ಯದ ಬಗ್ಗೆ ಬರೆಯುವಾಗ ದಿಯಾಬ್ಲೋಸ್ ಎಂದರೆ ಕಾಲ ತಪ್ಪುತ್ತದೆ.

ಇನ್ನೊಂದು. ಅಂಗಿಯ ಮೇಲೆ ‘ಮೆಹಿಕೊ’ ಎಂದಿರುವ ಫೋಟೊ ಸಿಕ್ಕರೆ ಅದು ರಾಷ್ಟ್ರೀಯ ತಂಡ ಎಂದು ಅಡಿಬರಹ ಹಾಕಬೇಡಿ. ಅದು ಊರಿನ ಹೆಸರು.

ಡೊಂಬಿವಲಿ ಈಸ್ಟ್

ತುಂಬಾ ಉಪಕಾರವಾಯಿತು. ಮೈದಾನದ ಕ್ರಮ ಹಿಡಿದೇ ಬರೆಯುತ್ತೇನೆ. ಅಂಕಿಗಳ ಪ್ರಶ್ನೆ ಉಳಿದಿದೆ. ಆಲ್ ಪಿಂಕ್‌ಸ್ಟನ್ .372, ನೆಲ್ಸನ್ ಬಾರ್ರೆರಾ 455 ಹೋಮ್ ರನ್, 2024ರಲ್ಲಿ 71–19, ಇವು ಮೂರು ಲೇಖನದಲ್ಲಿ ಇರಲೇಬೇಕು ಅಂತಿದ್ದೇನೆ. ಹಾಗೆಯೇ ಎತ್ತರದ ಊರಾದ್ದರಿಂದ ಚೆಂಡು ದೂರ ಹೋಗುತ್ತದೆ ಎಂದು ಓದಿದ್ದೇನೆ. ಎಷ್ಟು ದೂರ, ಯಾಕೆ?

ಠಾಣೆ ಸ್ಕೋರರ್

ಒಂದೊಂದಾಗಿ ನೋಡೋಣ.

.372 ಎಂದರೆ ಸಾವಿರ ಅಧಿಕೃತ ಸರದಿಯಲ್ಲಿ 372 ಸಲ ಹಿಟ್, ಅಂದರೆ ಹೊಡೆದು ಔಟಾಗದೆ ಬೇಸ್ ಮುಟ್ಟಿದ್ದು. ಕ್ರಿಕೆಟ್ ಸರಾಸರಿಯ ಹಾಗೆ ರನ್ ಭಾಗಿಸು ಔಟ್ ಅಲ್ಲ. ರನ್‌ಗೂ ಇದಕ್ಕೂ ಸಂಬಂಧವಿಲ್ಲ. ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ವಾಕ್ ಈ ಲೆಕ್ಕದಲ್ಲಿ ಸರದಿ ಎಂದೇ ಎಣಿಕೆಯಾಗುವುದಿಲ್ಲ. .300 ಬಂದರೆ ಒಳ್ಳೆಯ ಆಟಗಾರ ಎಂದು ಒಂದು ಅಳತೆಗೋಲು ಕೊಡಿ, ಆಗ .372 ಎಷ್ಟು ದೊಡ್ಡದು ಎಂದು ತಾನೇ ತಿಳಿಯುತ್ತದೆ. ಅದೂ ಒಂದು ವರ್ಷದ್ದಲ್ಲ, ಮೆಕ್ಸಿಕೊ ಲೀಗ್‌ನ ಇಡೀ ಆಟದ ಜೀವನದ ಸರಾಸರಿ. 1959ರಿಂದ 1962ರ ತನಕ ನಾಲ್ಕು ವರ್ಷ ಸತತವಾಗಿ ದಿಯಾಬ್ಲೋಸ್ ಅಂಗಿಯಲ್ಲಿ ಬ್ಯಾಟಿಂಗ್ ಕಿರೀಟ ಅವರದೇ. ನನಗೆ ಕೇಳಿದರೆ ಕ್ಲಬ್ಬಿನ ಅತ್ಯುತ್ತಮ ಬ್ಯಾಟರ್ ಅವರೇ.

ಬಾರ್ರೆರಾ 455 ಸರಿಯಾದ ಸಂಖ್ಯೆ. ಆದರೆ ಎಲ್ಲವೂ ದಿಯಾಬ್ಲೋಸ್ ಪರ ಹೊಡೆದದ್ದಲ್ಲ. ಹೆಚ್ಚಿನ ವರ್ಷ ಇಲ್ಲಿ ಆಡಿದರು, ಎಸ್ಪಿನೊ ಅವರ 453ರ ದಾಖಲೆ ದಾಟಿದ್ದು 2001ರಲ್ಲಿ ಒಆಹಾಕಾದ ಗೆರ್ರೆರೋಸ್ ಅಂಗಿಯಲ್ಲಿ. ‘ಕ್ಲಬ್ಬಿನ ದಾಖಲೆ’ ಎಂದು ಬರೆಯಬೇಡಿ, ‘ಲೀಗಿನ ದಾಖಲೆ’ ಎನ್ನಿ. ಆಗ ಆ ಗೆರ್ರೆರೋಸ್ ಕೂಡ ದಿಯಾಬ್ಲೋಸ್‌ನ ಮಾಲೀಕ ಆರ್ಪ್ ಎಲೂ ಒಡೆತನದ್ದೇ, ಹಾಗಾಗಿ ಕಥೆಗೆ ಅಡ್ಡಿಯಿಲ್ಲ.

71–19 ಎಂದರೆ 90 ಪಂದ್ಯದಲ್ಲಿ 71 ಗೆಲುವು, .789. ಡ್ರಾ ಇಲ್ಲದ ಆಟದಲ್ಲಿ, ಹೆಚ್ಚುಕಡಿಮೆ ದಿನಾ ಪಂದ್ಯ ಇರುವ ಲೀಗ್‌ನಲ್ಲಿ ಇದು ಅಪರೂಪ. ಆ ವರ್ಷ ರಾಬಿನ್ಸನ್ ಕಾನೊ .431 ಹೊಡೆದರು. ಆಮೇಲೆ ಫೈನಲ್‌ನಲ್ಲಿ ಮೊಂತೆರ್ರೇಯ ಸುಲ್ತಾನೆಸ್ ವಿರುದ್ಧ 4–0.

ಬೌಲಿಂಗ್ ಅಂಕಿ ಹಾಕುವುದಾದರೆ ಕ್ರಿಕೆಟಿನವರು ಖಂಡಿತ ಎಡವುವ ಜಾಗ ಒಂದಿದೆ. ನಮ್ಮಲ್ಲಿ 6.2 ಓವರ್ ಎಂದರೆ ಆರು ಓವರ್, ಎರಡು ಚೆಂಡು, ಅಂದರೆ ಆರರಲ್ಲಿ ಎರಡು. ಬೇಸ್‌ಬಾಲ್‌ನಲ್ಲಿ 6.2 ಇನಿಂಗ್ಸ್ ಎಂದರೆ ಆರು ಇನಿಂಗ್ಸ್, ಎರಡು ಔಟ್, ಮೂರರಲ್ಲಿ ಎರಡು. ಆದ್ದರಿಂದ ಲೆಕ್ಕಕ್ಕೆ 6.667. ಮೂರು ಅರ್ಹ ರನ್ (ಫೀಲ್ಡರ್ ತಪ್ಪಿನಿಂದ ಬಂದದ್ದಲ್ಲದ ರನ್) ಕೊಟ್ಟಿದ್ದರೆ ಒಂಬತ್ತು ಇನಿಂಗ್ಸ್‌ಗೆ ಬೌಲರ್‌ನ ಸರಾಸರಿ 3 × 9 ÷ 6.667 = 4.05. ಕ್ಯಾಲ್ಕ್ಯುಲೇಟರಿನಲ್ಲಿ 6.2 ಎಂದೇ ಒತ್ತಿದರೆ 4.35 ಬರುತ್ತದೆ, ಅದು ತಪ್ಪು. ಎಕ್ಸೆಲ್ ಹಾಳೆಯಲ್ಲಿ ಕೂಡಿಸುವಾಗಲೂ ಇದೇ ತೊಂದರೆ. ಮೊದಲು ಎಲ್ಲವನ್ನೂ ಔಟ್‌ಗಳಾಗಿ ಬದಲಿಸಿ (6.2 = 20 ಔಟ್), ಕೂಡಿಸಿ, ಕೊನೆಗೆ ಮೂರರಿಂದ ಭಾಗಿಸಿ.

ಸ್ಪ್ಯಾನಿಷ್ ಸ್ಕೋರ್ ಪಟ್ಟಿ ಓದುವಾಗ ‘ವಿಬಿ’ ಎಂದರೆ ಸರದಿ, ‘ಸಿ’ ಎಂದರೆ ರನ್, ‘ಎಚ್’ ಹಿಟ್, ‘ಸಿಐ’ ಎಂದರೆ ತಾನು ಹೊಡೆದು ಬರಿಸಿದ ರನ್, ‘ಇಎಲ್’ ಎಸೆದ ಇನಿಂಗ್ಸ್. ‘ಸಿ’ಯನ್ನು ಕ್ಯಾಚ್ ಎಂದು ಓದಿದವರನ್ನು ನೋಡಿದ್ದೇವೆ.

ಇನ್ನು ಎತ್ತರ. ಮೆಕ್ಸಿಕೊ ನಗರ ಸಮುದ್ರಮಟ್ಟದಿಂದ 2,240 ಮೀಟರ್ ಮೇಲೆ. ಅಲ್ಲಿ ಗಾಳಿಯ ಸಾಂದ್ರತೆ ಮುಂಬಯಿಯದಕ್ಕಿಂತ ಸುಮಾರು ಐದನೇ ಒಂದು ಪಾಲು ಕಡಿಮೆ. ಹೋಲಿಕೆಗೆ ಪುಣೆ 560 ಮೀಟರ್, ಇಳಿಕೆ ಸುಮಾರು 5 ಶೇಕಡಾ. ಬೆಂಗಳೂರು 920 ಮೀಟರ್, ಇಳಿಕೆ 8ರಿಂದ 9 ಶೇಕಡಾ. ಗಾಳಿ ತೆಳುವಾದರೆ ಎರಡು ಸಂಗತಿ ಆಗುತ್ತವೆ. ಹೊಡೆದ ಚೆಂಡಿಗೆ ತಡೆ ಕಡಿಮೆ, ಆದ್ದರಿಂದ ಬೇಲಿ ಮುಟ್ಟುವ ಮೊದಲೇ ಕೈಗೆ ಬೀಳಬೇಕಾದ ಚೆಂಡು ಆಚೆ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು. ಜನ ಮರೆಯುವುದು ಎರಡನೆಯದನ್ನು: ತಿರುಗುವ ಚೆಂಡನ್ನು ಬಾಗಿಸುವುದೂ ಅದೇ ಗಾಳಿ. ಸಾಂದ್ರತೆ ಐದನೇ ಒಂದು ಪಾಲು ಇಳಿದರೆ ಬಾಗುವಿಕೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಸಮುದ್ರತೀರದಲ್ಲಿ 40 ಸೆಂಟಿಮೀಟರ್ ಬಾಗುವ ಕರ್ವ್ ಇಲ್ಲಿ 32ಕ್ಕೆ ನಿಲ್ಲುತ್ತದೆ. ಬ್ಯಾಟಿನ ದಪ್ಪ ಹೆಚ್ಚೆಂದರೆ ಸುಮಾರು ಆರೂವರೆ ಸೆಂಟಿಮೀಟರ್. ಎಂಟು ಸೆಂಟಿಮೀಟರ್ ವ್ಯತ್ಯಾಸ ಎಂದರೆ ತಪ್ಪಿಹೋಗಬೇಕಾದ ಚೆಂಡು ಬ್ಯಾಟಿನ ನಟ್ಟನಡುವೆ ಸಿಗುತ್ತದೆ. ಸಮುದ್ರಮಟ್ಟಕ್ಕೆ ಹತ್ತಿರದ ಮೆರಿದಾ, ವೆರಾಕ್ರೂಸ್‌ನಿಂದ ಬರುವ ಬೌಲರ್‌ಗಳು ಮೊದಲ ಇನಿಂಗ್ಸ್‌ನಲ್ಲೇ ಹೊಡೆತ ತಿನ್ನುವುದು ಇದಕ್ಕೇ. ಮಾಟುಂಗಾ ಅವರು ಹೇಳಿದ ಸಾಲ್ ಮ್ಯಾಗ್ಲಿ ಇಂಥದೇ ಎತ್ತರದ ಪ್ವೆಬ್ಲಾದಲ್ಲಿ, ಮ್ಯಾನೇಜರ್ ಅದೋಲ್ಫೊ ಲೂಕೆ ಕೈಕೆಳಗೆ, ತೆಳುಗಾಳಿಯಲ್ಲೂ ಬಾಗುವಂತೆ ಕರ್ವ್ ಹರಿತ ಮಾಡಿಕೊಂಡರು. ನಿಷೇಧ ಮುಗಿದು ನ್ಯೂಯಾರ್ಕಿಗೆ ಮರಳಿದ 1950ರಲ್ಲಿ 18 ಗೆಲುವು, 4 ಸೋಲು.

ಒಂದೇ ಪಂದ್ಯದಲ್ಲಿ ತೋರಿಸಬೇಕಿದ್ದರೆ 2023ರ ಏಪ್ರಿಲ್ 29 ಹಾಕಿ. ದಿಯಾಬ್ಲೋಸ್‌ನ ಹೊಸ ಮೈದಾನದಲ್ಲಿ ಮೇಜರ್ ಲೀಗ್ ಪಂದ್ಯ, ಸ್ಯಾನ್ ಡಿಯಾಗೊ 16, ಸ್ಯಾನ್ ಫ್ರಾನ್ಸಿಸ್ಕೊ 11, ಹೋಮ್ ರನ್ ಹನ್ನೊಂದು. ಪಿಂಕ್‌ಸ್ಟನ್ ಅವರ .372 ಓದುವಾಗಲೂ ದಿಯಾಬ್ಲೋಸ್ ವರ್ಷಗಳಲ್ಲಿ ಅರ್ಧದಷ್ಟು ಪಂದ್ಯ ಈ ಗಾಳಿಯಲ್ಲಿ ಎಂಬುದು ನೆನಪಿರಲಿ. ಅದರಿಂದ ಅವರ ಮೇಲ್ಮೆ ಕುಂದುವುದಿಲ್ಲ, ಅದೇ ಗಾಳಿಯಲ್ಲಿ ಆಡಿದ ಉಳಿದವರು ಆ ಸಂಖ್ಯೆಯ ಹತ್ತಿರ ಬಂದಿಲ್ಲ.

ಕೋಥ್ರೂಡ್ 411038

ಫೋರೊ ಸೋಲ್ ಮತ್ತು ಫ್ರಾಯ್ ನಾನೊ ಬಗ್ಗೆ ಹೇಳೋದು ಉಳಿದಿತ್ತು. ಫೋರೊ ಸೋಲ್ ಮೂಲತಃ ಸಂಗೀತ ಕಛೇರಿಯ ಜಾಗ, ಕಾರ್ ರೇಸಿನ ಟ್ರ್ಯಾಕ್ ಒಳಗೇ ಇರೋದು. ಕಛೇರಿ ಬಂತು ಅಂದರೆ ಹುಲ್ಲಿನ ಮೇಲೆ ವೇದಿಕೆ, ಹಲಗೆ, ಸಾವಿರಾರು ಕಾಲು. ಬೇಸ್‌ಬಾಲ್‌ನಲ್ಲಿ ನೆಲದ ಮೇಲೆ ಉರುಳೋ ಚೆಂಡಿಗೆ ಹದವಾದ ನೆಲ ಬೇಕು, ಒಂದು ಹೆಂಟೆ ಎದ್ದರೆ ಚೆಂಡು ಮುಖಕ್ಕೆ ಬರ್ತದೆ. ವಾಂಖೆಡೆ ಪಿಚ್ ಮೇಲೆ ಪೆಂಡಾಲ್ ಹಾಕಿದರೆ ಹೇಗೋ ಹಾಗೆ. 2015ರಲ್ಲಿ ಫಾರ್ಮುಲಾ ಒನ್ ಮೆಕ್ಸಿಕೊಕ್ಕೆ ವಾಪಸ್ ಬಂದು, ಟ್ರ್ಯಾಕು ಈ ಕ್ರೀಡಾಂಗಣದ ಒಳಗಿಂದಲೇ ಹಾಯಿತು. ಬೇಸ್‌ಬಾಲ್ ಹೊರಗೆ ಬಿತ್ತು. ಆ ಜಾಗಕ್ಕೆ 2024ರಿಂದ ಹೆಸರು ಜಿಎನ್‌ಪಿ ಸೆಗೂರೋಸ್. ಹಳೆಯ ಹೆಸರಿನ ಜೊತೆ ಹೊಸದನ್ನೂ ಕೊಡ್ರಿ, ಇಲ್ಲದಿದ್ದರೆ ನಕ್ಷೆಯಲ್ಲಿ ಹುಡುಕೋರಿಗೆ ಸಿಗೋದಿಲ್ಲ.

ಅಲ್ಲಿಂದ ಹೋದದ್ದು ಫ್ರಾಯ್ ನಾನೊಗೆ, ಸುಮಾರು 5 ಸಾವಿರ ಜನ ಹಿಡಿಯೋ ಸಣ್ಣ ಮೈದಾನ. ದೇಶದ ದೊಡ್ಡ ಕ್ಲಬ್ಬು ನಾಲ್ಕು ವರ್ಷ ಅಲ್ಲಿ ಆಡಿತು. ಈ ನಾಲ್ಕು ವರ್ಷವನ್ನು ಒಂದು ಸಾಲಲ್ಲಿ ದಾಟಿಸಬೇಡ್ರಿ, ಹೊಸ ಮೈದಾನದ ಬೆಲೆ ತಿಳಿಯೋದೇ ಇದರಿಂದ. 1994ರಲ್ಲಿ ಕ್ಲಬ್ ಕೊಂಡ ಬ್ಯಾಂಕ್ ಉದ್ಯಮಿ ಆಲ್ಫ್ರೆದೊ ಆರ್ಪ್ ಎಲೂ ಕಡೆಗೆ ಸ್ವಂತ ಮೈದಾನವನ್ನೇ ಕಟ್ಟಿಸಿದರು, 2019ರ ಮಾರ್ಚ್ 23ಕ್ಕೆ ಸ್ಯಾನ್ ಡಿಯಾಗೊ ಪಾಡ್ರೆಸ್ ಜೊತೆ ಪ್ರದರ್ಶನ ಪಂದ್ಯ ಇಟ್ಟು ತೆರೆದರು. ಫೋಟೊ ಹಾಕೋದಾದರೆ ಮೇಲಿನಿಂದ ತೆಗೆದದ್ದನ್ನು ಆರಿಸ್ರಿ. ಬಿಳಿ ಚಾವಣಿ ಸೈತಾನನ ತ್ರಿಶೂಲದ ಆಕಾರ, ನೆಲದಿಂದ ತೆಗೆದರೆ ಅದು ಕಾಣೋದಿಲ್ಲ.

ಮಾಟುಂಗಾ ರೋಡ್

ಎರಡು ಸಣ್ಣ ತಿದ್ದುಪಡಿ, ಮುದ್ರಣಕ್ಕೆ ಮುಂಚೆ ನೋಡಿ.

ಲೀಗಿನ ಪ್ರಶಸ್ತಿ ಪಟ್ಟಿ ಪಕ್ಕದಲ್ಲಿ ಇಡುವುದಾದರೆ 2018ರಲ್ಲಿ ಎರಡು ಹೆಸರು ಬರುತ್ತವೆ. ಆ ವರ್ಷ ಎರಡು ಕಿರು ಟೂರ್ನಿ ಆಡಿಸಿದರು, ಮೊದಲನೆಯದು ಮೊಂತೆರ್ರೇಗೆ, ಎರಡನೆಯದು ಯೂಕಾತಾನ್‌ಗೆ. 2020ರಲ್ಲಿ ಕೋವಿಡ್, ಆಟವೇ ಇಲ್ಲ. 1980ರಲ್ಲಿ ಆಟಗಾರರ ಮುಷ್ಕರದಿಂದ ಋತು ನಡುವೆ ಮುರಿಯಿತು, ಹಾಗಾಗಿ ಆ ವರ್ಷದ ಅಂಕಿಗಳನ್ನು ಬೇರೆ ವರ್ಷದ್ದರ ಜೊತೆ ಹೋಲಿಸಬೇಡಿ.

ಎರಡನೆಯದು, ಬೇಸಿಗೆ ಲೀಗ್ ಮತ್ತು ಚಳಿಗಾಲದ ಲೀಗ್. ದಿಯಾಬ್ಲೋಸ್ ಆಡುವುದು ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕದ ಮೆಕ್ಸಿಕೊ ಲೀಗ್. ಅಕ್ಟೋಬರ್‌ನಿಂದ ಜನವರಿ ತನಕ ಪೆಸಿಫಿಕ್ ಲೀಗ್ ಬೇರೆ, ಕೆರಿಬಿಯನ್ ಸರಣಿಗೆ ಹೋಗುವುದು ಅದರ ಚಾಂಪಿಯನ್. ಹಲಿಸ್ಕೊ ಚಾರ್ರೋಸ್ ಎರಡರಲ್ಲೂ ಇದೆ. ಜನವರಿಯ ಸುದ್ದಿಯಲ್ಲಿ ಚಾರ್ರೋಸ್ ಗೆದ್ದರು ಎಂದರೆ ದಿಯಾಬ್ಲೋಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಡೊಂಬಿವಲಿ ಈಸ್ಟ್

ಇವೆಲ್ಲ ಬರೆದುಕೊಂಡೆ. ಕೊನೆಯ ಪ್ರಶ್ನೆ: ಲೇಖನದ ಕೆಳಗೆ ‘ಪಂದ್ಯ ನೋಡುವ ಸಮಯ’ ಎಂದು ಒಂದು ಪೆಟ್ಟಿಗೆ ಹಾಕಬೇಕು. ನಮ್ಮ ಸಮಯಕ್ಕೆ ಹೇಗೆ ಬದಲಿಸಲಿ?

ಠಾಣೆ ಸ್ಕೋರರ್

ಮೆಕ್ಸಿಕೊ ನಗರಕ್ಕಿಂತ ನಾವು ಹನ್ನೊಂದೂವರೆ ಗಂಟೆ ಮುಂದೆ. ಅಲ್ಲಿ ಸಂಜೆ 7 ಎಂದರೆ ಇಲ್ಲಿ ಮರುದಿನ ಬೆಳಿಗ್ಗೆ 6:30. 2022ರಲ್ಲಿ ಅವರು ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಪದ್ಧತಿ ಕೈಬಿಟ್ಟಿದ್ದಾರೆ, ಹಾಗಾಗಿ ವರ್ಷವಿಡೀ ಇದೇ ಲೆಕ್ಕ. ಆದರೆ ತಂಡ ಹೊರಗಡೆ ಹೋದಾಗ ಕೆಲವು ಊರಿನಲ್ಲಿ ಬದಲಾಗುತ್ತದೆ. ಕಾನ್‌ಕೂನ್ ಒಂದು ಗಂಟೆ ಮುಂದಿದೆ, ಅಲ್ಲಿಯ ಸಂಜೆ 7 ನಮಗೆ ಬೆಳಿಗ್ಗೆ 5:30. ತಿಹ್ವಾನಾ ಅಮೆರಿಕದ ಗಡಿಯ ಊರು, ಕ್ಯಾಲಿಫೋರ್ನಿಯಾ ಗಡಿಯಾರ, ಈಗಲೂ ಬೇಸಿಗೆ ಸಮಯ ಪಾಲಿಸುತ್ತದೆ. ಋತುವಿನಲ್ಲಿ ಅಲ್ಲಿಯ 7 ನಮಗೆ ಬೆಳಿಗ್ಗೆ 7:30.

ಪೆಟ್ಟಿಗೆಯಲ್ಲಿ ದಿನಾಂಕ ಹಾಕುವಾಗ ಎರಡನ್ನೂ ಬರೆಯಿರಿ: ‘ಅಲ್ಲಿ ಶನಿವಾರ ಸಂಜೆ, ಇಲ್ಲಿ ಭಾನುವಾರ ಬೆಳಿಗ್ಗೆ’. ಲೀಗಿನ ವೇಳಾಪಟ್ಟಿಯಲ್ಲಿರುವುದು ಅವರ ದಿನಾಂಕ. ಅದನ್ನೇ ನಕಲು ಮಾಡಿದರೆ ಓದುಗರು ಶನಿವಾರ ಬೆಳಿಗ್ಗೆ ಎದ್ದು ಖಾಲಿ ಪರದೆ ನೋಡಬೇಕಾಗುತ್ತದೆ.